ಮಂಗಳವಾರದ ಸುಬೂ

ಮಂಗಳವಾರ ಬೆಳಿಗ್ಗೆ ಇಂತಿಸಾರ್ ಮಗಳ ಕಾಲಿಗೆ ಬೂಟು ಹಾಕಲು ಕೂತರೆ ಸಾಕು, ಅವಳ ಅತ್ತೆ ತಫೀದಾ ಅವರಿಗೆ ಅಡುಗೆಮನೆಯ ಕೆಲಸವೆಲ್ಲ ಮರೆತುಹೋಗುತ್ತಿತ್ತು. ಅರ್ಧ ಉಜ್ಜಿದ ಮೀನನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಜ್ ಮುಗಿಸಿ ಬಂದ ಮೇಲೆ ಇಡೀ ಕೇರಿ ಅವರನ್ನು ಹಾಗ್ಗಾ ಎಂದೇ ಕರೆಯುತ್ತಿತ್ತು, ಸೊಸೆಯೂ ಹಾಗೇ ಕರೆಯುತ್ತಿದ್ದಳು. ಹಜ್ ಅವರ ಪಾಪಗಳನ್ನೆಲ್ಲ ತೊಳೆದಿತ್ತು, ನಾಲಿಗೆಯ ತಂಟೆಗೆ ಮಾತ್ರ ಹೋಗಿರಲಿಲ್ಲ.

"ಹೊರಟ್ಲು ನೋಡು, ಎರಡು ವರ್ಷ ತುಂಬದ ಕೂಸಿಗೆ ಸಂಗೀತ ಕಲಿಸೋಕೆ," ಎಂದರು ಹಾಗ್ಗಾ, ಮೀನಿಗೆ ಹೇಳುವಂತೆ. "ಇವತ್ತು ಸಂಗೀತ. ನಾಳೆ ಸೊಂಟಕ್ಕೆ ಶಾಲು ಕಟ್ಟಿ ಕುಣಿಸ್ತಾಳೆ."

"ನಮ್ಮ ಮದುವೇಲಿ ನೀವೇ ಕಟ್ಕೊಂಡು ಕುಣಿದ್ರಲ್ಲ ಹಾಗ್ಗಾ. ನಿಮ್ಮನ್ನ ವೇದಿಕೆಯಿಂದ ಕೆಳಗಿಳಿಸೋಕೆ ನಿಮ್ಮ ಅಣ್ಣಂದಿರೆಲ್ಲ ಬರಬೇಕಾಯ್ತು."

"ಅದು ಮದುವೆ."

"ಇದು ಮಂಗಳವಾರ," ಎಂದಳು ಇಂತಿಸಾರ್, ಇನ್ನೊಂದು ಬೂಟಿನ ಪಟ್ಟಿ ಬಿಗಿಯುತ್ತ.

ಮಗಳು ಜುಮಾನಾ ಇಬ್ಬರ ಮುಖವನ್ನೂ ನೋಡಲಿಲ್ಲ. ಅವಳಿಗೆ ಎರಡು ವರ್ಷ ತುಂಬಲು ಇನ್ನು ಸ್ವಲ್ಪವೇ ದಿನ ಇತ್ತು, ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ಅಮ್ಮ ಅನ್ನುತ್ತಿರಲಿಲ್ಲ, ಅಪ್ಪ ಅನ್ನುತ್ತಿರಲಿಲ್ಲ, ನೀರು ಅನ್ನುತ್ತಿರಲಿಲ್ಲ. ಬೇಕಾದ್ದನ್ನು ಬೆರಳಿನಿಂದ ತೋರಿಸುತ್ತಿದ್ದಳು, ಕೊಡದಿದ್ದರೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಏಳನೇ ತಿಂಗಳಿಗೇ ಹುಟ್ಟಿದ ಮಗು. ಮೊದಲ ವಾರಗಳನ್ನೆಲ್ಲ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಕಳೆದಿತ್ತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಚೆನ್ನಾಗಿದೆ, ಇಂಥ ಮಕ್ಕಳಿಗೆ ಕಾಲ ಬೇಕು, ಜೊತೆಯಲ್ಲಿ ಕೂತು ಮಾತಾಡಿ, ಹಾಡಿ, ಆಡಿಸಿ ಎಂದಿದ್ದರು.

ಹಾಗ್ಗಾಗೆ ಡಾಕ್ಟರ ಮಾತು ಬೇಕಿರಲಿಲ್ಲ. ಕಾರಣ ಅವರಿಗೆ ಗೊತ್ತಿತ್ತು. ಮಗುವಿಗೆ ಸುಬೂ ಆಗಿರಲಿಲ್ಲ. ಹುಟ್ಟಿದ ಏಳನೆಯ ದಿನ ಕೂಸನ್ನು ಜರಡಿಯಲ್ಲಿ ಮಲಗಿಸಿ, ಪಕ್ಕದಲ್ಲಿ ಹಿತ್ತಾಳೆ ಕುಟ್ಟಾಣಿ ಬಾರಿಸಿ, ಉಪ್ಪು ಎರಚಿ, ಬಂದವರಿಗೆಲ್ಲ ಬೀಜ ಮಿಠಾಯಿ ಹಂಚದಿದ್ದರೆ ಅದರ ಕಿವಿ ಲೋಕಕ್ಕೆ ತೆರೆಯುವುದಾದರೂ ಹೇಗೆ? ಜುಮಾನಾಳ ಏಳನೆಯ ದಿನ ಅವಳ ಸುತ್ತ ಇದ್ದದ್ದು ಯಂತ್ರಗಳ ಪೀಂ ಪೀಂ ಸದ್ದು ಮಾತ್ರ. "ಯಂತ್ರಾನೇ ಅದಕ್ಕೆ ಅಜ್ಜಿ ಆಗೋಯ್ತು," ಎಂದು ಹಾಗ್ಗಾ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ದನಿಯಲ್ಲಿ ನಿಜವಾದ ಸಂಕಟ ಇರುತ್ತಿತ್ತು. ಇಂತಿಸಾರ್‌ಗೆ ಸಹಿಸಲಾಗದ್ದು ಅದೇ. ಬರೀ ಕೊಂಕಾಗಿದ್ದರೆ ಜಗಳ ಆಡಿ ಮುಗಿಸಬಹುದಿತ್ತು.

ಗಂಡ ಶಹಾತನನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಅವನು ನಮ್ಮ ಊರು ಪೋರ್ಟ್ ಸಯೀದಿನಿಂದ ಕಾಲುವೆಯಾಚೆಯ ಪೋರ್ಟ್ ಫುವಾದಿಗೆ ಜನರನ್ನು ದಾಟಿಸುವ ಫೆರ್ರಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ಈ ದಡ ಆ ದಡ ಎಂದು ಓಡಾಡುವ ಅಭ್ಯಾಸವನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಹೆಂಡತಿಯ ಪಕ್ಕ ಕೂತರೆ ಹೆಂಡತಿ ಹೇಳುವುದೇ ಸರಿ, ತಾಯಿಯ ಪಕ್ಕ ಕೂತರೆ ತಾಯಿ ಹೇಳುವುದೇ ಸರಿ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನ ಬೇರೆ, ಉಪಯೋಗಕ್ಕೆ ಬರುವುದು ಬೇರೆ.

ಕ್ಲಾಸು ನಡೆಯುತ್ತಿದ್ದದ್ದು ಸಮುದ್ರದ ಕಡೆಯ ಸಾಂಸ್ಕೃತಿಕ ಭವನದ ಮಹಡಿಯಲ್ಲಿ. ನಡೆಸುತ್ತಿದ್ದವರು ಶಾಲೆಯ ಸಂಗೀತದ ಕೆಲಸದಿಂದ ನಿವೃತ್ತರಾದ ಸಮೀಹಾ. ಟೀಚರಮ್ಮ ಆದ್ದರಿಂದ ಎಲ್ಲರ ಬಾಯಲ್ಲೂ ಅವರು ಅಬ್ಲಾ, ದೊಡ್ಡಕ್ಕ. ಅಬ್ಲಾ ಸಮೀಹಾ ನುಡಿಸುತ್ತಿದ್ದದ್ದು ಸಿಮ್ಸಿಮಿಯಾ. ಕಾಲುವೆ ದಂಡೆಯ ನಮ್ಮ ಊರುಗಳಲ್ಲಿ ಬಲೆ ಎಳೆಯುವ, ಹಡಗು ಇಳಿಸುವ ಗಂಡಸರು ಸಂಜೆ ಚಾಹಂಗಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಮೀಟುವ ತಂತಿವಾದ್ಯ ಅದು. ಹೆಣ್ಣಾಗಿ ಅದನ್ನು ಮುಟ್ಟಿದರೆಂದು ಅವರ ಚಿಕ್ಕಂದಿನಲ್ಲಿ ಚಿಕ್ಕಪ್ಪ ಅವರ ವಾದ್ಯವನ್ನು ಒಡೆದುಹಾಕಿದ್ದರಂತೆ. ಅಬ್ಲಾ ಇನ್ನೊಂದು ಮಾಡಿಸಿಕೊಂಡರು. ಅದನ್ನು ಹೇಳುವಾಗ ಅವರಿಗೆ ಈಗಲೂ ನಗು ಬರುತ್ತಿತ್ತು.

ಅವರ ವಿದ್ಯೆ ಎಂದರೆ ಕಾಯುವುದು. ಚಾಪೆಯ ಮೇಲೆ ತಾಯಂದಿರು, ಅವರ ಮಡಿಲಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳು, ಮಕ್ಕಳ ಮುಂದೆ ಡಬ್ಬಿ ಮುಚ್ಚಳ, ಮಸೂರ ತುಂಬಿದ ಕಾಫಿ ಡಬ್ಬ, ಹಳೇ ಬೀಗದ ಕೈ ಗೊಂಚಲು. ಅಬ್ಲಾ ಚಿಕ್ಕ ಚಿಕ್ಕ ಸಾಲುಗಳನ್ನು ನುಡಿಸಿ ಕೊನೆಯ ಒಂದು ಪೆಟ್ಟನ್ನು ಬಿಟ್ಟುಬಿಡುತ್ತಿದ್ದರು. ಬಿಟ್ಟು, ಹುಬ್ಬೇರಿಸಿ, ಒಂದೊಂದೇ ಮಗುವಿನ ಮುಖ ನೋಡುತ್ತ ಕೂರುತ್ತಿದ್ದರು. ಯಾವುದೋ ಒಂದು ಪುಟ್ಟ ಕೈ ಆ ಖಾಲಿ ಜಾಗವನ್ನು ತುಂಬುತ್ತಿತ್ತು. ತಾಯಂದಿರಿಗೆ ತಡೆಯಲಾಗದೆ "ಹೊಡಿ ಚಿನ್ನ, ಹೊಡಿ" ಎಂದು ಮಗುವಿನ ಕೈ ಹಿಡಿದು ಬಡಿಯಲು ಹೋದರೆ ಅಬ್ಲಾ ರೇಗುತ್ತಿದ್ದರು.

"ನಿಮ್ಮ ಸರದಿ ಮುಗಿದುಹೋಯ್ತು ತಾಯಿ, ಮೂವತ್ತು ವರ್ಷದ ಹಿಂದೆ. ಈಗ ಅದರದ್ದು. ಬಿಡಿ ಕೈ."

ಜುಮಾನಾ ಮೊದಮೊದಲು ಅಮ್ಮನ ಬೆನ್ನಿನ ಹಿಂದೆಯೇ ಕೂರುತ್ತಿದ್ದಳು. ಒಂದು ಮಂಗಳವಾರ ಬೆನ್ನಿನ ಹಿಂದಿನಿಂದಲೇ ಒಂದು ಅಂಗೈ ಹೊರಬಂದು ನೆಲಕ್ಕೆ ಬಡಿಯಿತು, ಸರಿಯಾಗಿ ಆ ಖಾಲಿ ಜಾಗದಲ್ಲಿ. ಅಬ್ಲಾ ಆ ಕಡೆ ನೋಡಲೂ ಇಲ್ಲ, ಮತ್ತೆ ನುಡಿಸಿದರು, ಮತ್ತೆ ಬಿಟ್ಟರು. ಅಂಗೈ ಮತ್ತೆ ಬಡಿಯಿತು. ಮುಂದಿನ ವಾರಗಳಲ್ಲಿ ಮಗು ಬೆನ್ನಿನಿಂದ ಪಕ್ಕಕ್ಕೆ, ಪಕ್ಕದಿಂದ ಮಡಿಲಿಗೆ ಬಂತು. ಸ್ನಾನದ ಹೊತ್ತಿನಲ್ಲಿ ಮೂಗಿನೊಳಗೇ ಏನೋ ಗುನುಗತೊಡಗಿತು.

ಆಮೇಲೊಂದು ದಿನ ಬೆಳಗಿನ ಊಟಕ್ಕೆ ಕೂತಾಗ ಜುಮಾನಾ ಚಮಚದಿಂದ ತಟ್ಟೆಯನ್ನು ಎರಡು ಸಲ ಬಡಿದು ಅಮ್ಮನ ಮುಖ ನೋಡಿದಳು. ಇಂತಿಸಾರ್ ತನ್ನ ಚಮಚದಿಂದ ಒಂದು ಸಲ ಬಡಿದಳು. ಜುಮಾನಾ ನಕ್ಕು ಮತ್ತೆ ಎರಡು ಸಲ ಬಡಿದಳು, ಮತ್ತೆ ನೋಡಿದಳು. ಎರಡು ವರ್ಷದಲ್ಲಿ ಮಗಳು ತನ್ನಿಂದ ಒಂದು ಉತ್ತರವನ್ನು ಬಯಸಿ ಕಾದದ್ದು ಅದೇ ಮೊದಲು. ಇಂತಿಸಾರ್ ಬೇಯಿಸಿದ ಅವರೆಯ ತಟ್ಟೆಯ ಮೇಲೆ ಬಗ್ಗಿ ಅತ್ತಳು.

"ತಟ್ಟೆ ಬಡಿಯೋದು ಮಾತಾ?" ಎಂದರು ಹಾಗ್ಗಾ. "ನಾಯಿ ಕೂಡ ಬಟ್ಟಲು ಬಡಿಯತ್ತೆ, ಹಸಿವಾದಾಗ."

ಇಂತಿಸಾರ್ ಚಮಚದಿಂದ ತಟ್ಟೆಗೆ ಇನ್ನೊಮ್ಮೆ ಬಡಿದಳು. ಅವಳಿಗೆ ಆ ದಿನ ಯಾರ ಮಾತೂ ತಗಲುವಂತಿರಲಿಲ್ಲ.

ಭವನಕ್ಕೆ ಹೊಸ ಮುಖ್ಯಸ್ಥರು ಬಂದದ್ದು ಚಳಿಗಾಲದ ಕೊನೆಯಲ್ಲಿ. ಹೆಸರು ಮಮ್ದೂಹ್, ಎಲ್ಲರೂ ಗೌರವದಿಂದ ಉಸ್ತಾಜ್ ಎನ್ನುತ್ತಿದ್ದರು. ಕೆಟ್ಟವರೇನಲ್ಲ. ಆದರೆ ಮರ ಕಂಡರೆ ಇದರಿಂದ ಎಷ್ಟು ಕುರ್ಚಿ ಆಗುತ್ತದೆ ಎಂದು ಕೇಳುವವರ ಪೈಕಿ. ಆರು ವರ್ಷದ ಕೆಳಗಿನವರಿಗೆ ಭವನದಲ್ಲಿ ಯಾವ ಚಟುವಟಿಕೆಯೂ ಇಲ್ಲವೆಂದು ನಿಯಮವಿದೆ ಎಂದು ಅವರು ಎಲ್ಲಿಂದಲೋ ಹುಡುಕಿ ತೆಗೆದರು. ಮಹಡಿಯ ಹಾಲ್ ಅನ್ನು ಮಂಗಳವಾರ ಇಂಗ್ಲಿಷ್ ಮತ್ತು ಮನಸ್ಸಿನಲ್ಲೇ ಲೆಕ್ಕ ಮಾಡುವ ತರಗತಿಗೆ ಕೊಡುವುದೆಂದು ಹೇಳಿದರು. ಅಬ್ಲಾ ಸಮೀಹಾ ಜಗಳಕ್ಕೆ ಹೋದರು. ಉಸ್ತಾಜ್ ಅವರಿಗೆ ಚಹಾ ತರಿಸಿ, ಸಮಾಧಾನವಾಗಿ, ಇಲಾಖೆಯಿಂದ ಒಬ್ಬ ಮೇಡಂ ಬರಲಿದ್ದಾರೆ, ಅವರ ಮುಂದೆ ನಿಮ್ಮ ಕ್ಲಾಸಿನಿಂದ ಏನು ಉಪಯೋಗ ಆಗಿದೆ ಎಂದು ತೋರಿಸಿಕೊಡಿ, ಬಿಡುತ್ತೇನೆ ಎಂದರು.

ಅಬ್ಲಾ ನೇರ ಇಂತಿಸಾರ್ ಹತ್ತಿರ ಬಂದರು.

"ನಿನ್ನ ಮಗಳನ್ನ ತೋರಿಸಬೇಕು ಕಣಮ್ಮ. ಹೇಗೆ ಬಂದ್ಲು, ಹೇಗಾದ್ಲು, ಎಲ್ಲರೂ ನೋಡಿದ್ದಾರೆ."

"ತೋರಿಸೋಕೆ ಅವಳೇನು ಅಂಗಡಿ ಸಾಮಾನಾ ಅಬ್ಲಾ?"

"ನಂಗೂ ಇಷ್ಟ ಇಲ್ಲ. ಬೇರೆ ದಾರಿ ಇದ್ರೆ ನೀನೇ ಹೇಳು."

ಇಂತಿಸಾರ್‌ಗೆ ಬೇರೆ ದಾರಿ ಗೊತ್ತಿರಲಿಲ್ಲ. ಈ ಕ್ಲಾಸು ಹೋದರೆ ಮಗಳು ಮತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಾಳೆ ಎನ್ನುವುದಷ್ಟೇ ಅವಳಿಗೆ ಗೊತ್ತಿತ್ತು. ಒಪ್ಪಿಕೊಂಡಳು. ಆಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಂಡಳು.

ಇಲಾಖೆಯ ಮೇಡಂ ಬಂದ ದಿನ ಚಾಪೆಯ ಬದಲು ಕುರ್ಚಿ ಹಾಕಿದ್ದರು. ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಸುಗಂಧ ಹಾಕಿಕೊಂಡಿದ್ದ ಆ ಮೇಡಂ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಉಸ್ತಾಜ್. ಅಬ್ಲಾ ಸಿಮ್ಸಿಮಿಯಾ ಮೀಟಿ, ಕೊನೆಯ ಪೆಟ್ಟು ಬಿಟ್ಟು, ಜುಮಾನಾಳ ಕಡೆ ನೋಡಿದರು. ಜುಮಾನಾ ಮೇಡಂನ ಬೂಟುಗಳನ್ನು ನೋಡುತ್ತಿದ್ದಳು. ಮತ್ತೆ ಮೀಟಿದರು, ಮತ್ತೆ ಬಿಟ್ಟರು. ಜುಮಾನಾ ಮೆಲ್ಲಗೆ ತಿರುಗಿ ಅಮ್ಮನ ಹೊಟ್ಟೆಯೊಳಗೆ ಮುಖ ಹುದುಗಿಸಿಕೊಂಡಳು. ಪಕ್ಕದ ಕುರ್ಚಿಯ ಗಂಡುಮಗು ಉಚ್ಚೆ ಹುಯ್ದಿತು, ಅದು ಕುರ್ಚಿಯಿಂದ ನೆಲಕ್ಕೆ ತೊಟ್ಟಿಕ್ಕುವ ಸದ್ದು ಹಾಲಿಗೆಲ್ಲ ಕೇಳಿಸಿತು.

"ಮಗುವಿಗೆ ಈಗ ಎಷ್ಟು ಪದ ಬರತ್ತೆ?" ಎಂದು ಮೇಡಂ ಕೇಳಿದರು.

"ಪದ ಇನ್ನೂ ಬರಲ್ಲ," ಎಂದಳು ಇಂತಿಸಾರ್.

"ಹಾಗಾದ್ರೆ ಉಪಯೋಗ ಏನಾಯ್ತು?" ಎಂದರು ಉಸ್ತಾಜ್ ಮಮ್ದೂಹ್. ಕೊಂಕಿನಿಂದ ಕೇಳಲಿಲ್ಲ, ತಿಳಿಯದೆಯೇ ಕೇಳಿದರು. ಇಂತಿಸಾರ್‌ಗೆ ಪಿತ್ತ ನೆತ್ತಿಗೇರಿದ್ದು ಅದಕ್ಕೇ.

"ಉಸ್ತಾಜ್, ನೀವು ಬೆಳಿಗ್ಗೆ ಹೆಂಡತಿ ಜೊತೆ ಕೂತು ಚಹಾ ಕುಡಿದ್ರಾ?"

"ಕುಡಿದೆ. ಯಾಕೆ?"

"ಅದರಿಂದ ಏನು ಉಪಯೋಗ ಆಯ್ತು ಅಂತ ಯಾರಿಗಾದ್ರೂ ತೋರಿಸಿಕೊಟ್ರಾ? ಇಲಾಖೆಯವರು ಬಂದು ನಿಮ್ಮ ಮೇಜಿನ ಮುಂದೆ ಕೂತಿದ್ರಾ?"

ಹಿಂದೆ ಯಾವುದೋ ತಾಯಿ ನಕ್ಕಳು. ಇಂತಿಸಾರ್ ನಗಲಿಲ್ಲ. ಅವಳು ಮಗಳನ್ನು ಎತ್ತಿಕೊಂಡು ಎದ್ದು ನಿಂತಿದ್ದಳು.

"ಇವಳು ಯಾರ ಮುಖಾನೂ ನೋಡ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನೋಡ್ತಾಳೆ. ತನ್ನ ಸರದಿಗೆ ಕಾಯ್ತಾಳೆ, ಇನ್ನೊಬ್ಬರ ಸರದಿ ಬಿಟ್ಟುಕೊಡ್ತಾಳೆ. ನಮ್ಮೂರಲ್ಲಿ ದೊಡ್ಡ ದೊಡ್ಡ ಗಂಡಸರಿಗೆ ಬರದೆ ಇರೋ ವಿದ್ಯೆ ಅದು. ನಗ್ತಾಳೆ. ನಾಳೆ ಮಾತು ಬರತ್ತೋ ಇಲ್ವೋ ನಂಗೊತ್ತಿಲ್ಲ. ಬರದೇ ಇದ್ರೂ ಕರ್ಕೊಂಡು ಬರ್ತೀನಿ. ಅವಳಿಗೆ ಇಲ್ಲಿ ಸಂತೋಷ ಇದೆ. ಎರಡು ವರ್ಷದ ಮಗು ಅದಕ್ಕಿಂತ ಹೆಚ್ಚು ನಿಮಗೇನು ಕೊಡಬೇಕು?"

ಮೇಡಂ ಕೈಗಡಿಯಾರ ನೋಡಿಕೊಂಡರು. ಅವರು ಹೋದ ಮೇಲೆ ಉಸ್ತಾಜ್ ಬಾಗಿಲ ಹತ್ತಿರ ಇಂತಿಸಾರಳನ್ನು ತಡೆದು, ಸಮಾಧಾನ ಹೇಳುವ ದನಿಯಲ್ಲಿ ಮಾತಾಡಿದರು.

"ಬೇಜಾರು ಮಾಡ್ಕೋಬೇಡಿ. ನಿಯಮ ಅಂದ್ರೆ ನಿಯಮ. ಮುಂದಿನ ವಾರದಿಂದ ಕ್ಲಾಸ್ ಇಲ್ಲ. ಲೆಕ್ಕದ ಮೇಷ್ಟ್ರು ಮುಂದಿನ ತಿಂಗಳು ಬರ್ತಾರೆ, ಅಲ್ಲಿವರೆಗೂ ಹಾಲ್ ಖಾಲಿನೇ. ನಿಮ್ಮ ಗಂಡ ಇಲ್ಲಿ ಸದಸ್ಯರು, ಮನೆ ಕಾರ್ಯಕ್ಕೆ ಯಾವಾಗ ಬೇಕಾದ್ರೂ ಕೇಳಿ. ನಿಶ್ಚಿತಾರ್ಥ, ಸುಬೂ, ಏನಿದ್ರೂ ಸರಿ. ಅದಕ್ಕೆ ಯಾರು ಬೇಡ ಅಂತಾರೆ? ಅಂಥದಕ್ಕೆ ಹೊತ್ತು ನೋಡಿ ಕೊಡ್ತೀವಿ, ಇಂಗ್ಲಿಷ್ ಕ್ಲಾಸ್ ಬೇಕಾದ್ರೂ ಮುಂದಕ್ಕೆ ಹಾಕ್ತೀವಿ."

ಇಂತಿಸಾರ್ ಮೆಟ್ಟಿಲಿಳಿದು, ಸಮುದ್ರದ ದಂಡೆಯುದ್ದಕ್ಕೂ ಮಗಳನ್ನು ಸೊಂಟದಲ್ಲಿಟ್ಟುಕೊಂಡು ನಡೆದಳು. ಕಾಲುವೆಯ ಬಾಯಿಯಲ್ಲಿ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಮೊದಲ ಬೀದಿ ದಾಟುವವರೆಗೆ ಅತ್ತಳು, ಎರಡನೆಯ ಬೀದಿಯಲ್ಲಿ ಉಸ್ತಾಜರ ಮಾತು ಮತ್ತೊಮ್ಮೆ ನೆನಪಾಯಿತು, ಮೂರನೆಯ ಬೀದಿಗೆ ಬರುವಷ್ಟರಲ್ಲಿ ಅವಳ ನಡಿಗೆಯೇ ಬದಲಾಗಿತ್ತು.

ಹಾಗ್ಗಾ ನಡುಮನೆಯ ಸೋಫಾದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಸುದ್ದಿ ಆಗಲೇ ಯಾರೋ ಮುಟ್ಟಿಸಿದ್ದರು.

"ಮುಚ್ಚಿದ್ರಂತೆ," ಎಂದರು. "ನಾನು ಹೇಳಿರಲಿಲ್ವಾ?"

"ಹಾಗ್ಗಾ, ಜುಮಾನಾಳ ಸುಬೂ ಮಾಡೋಣ."

ಹಾಗ್ಗಾ ಅಕ್ಕಿಯಿಂದ ತಲೆ ಎತ್ತಿದರು. "ನನ್ನ ಮೇಲಿನ ಸಿಟ್ಟನ್ನ ಹೀಗೆ ತೀರಿಸ್ಕೊಳ್ತೀಯಾ?"

"ಇಲ್ಲ. ನಿಜವಾಗಿ ಹೇಳ್ತಿದ್ದೀನಿ."

"ಹಲ್ಲು ಬಂದಿರೋ ಮಗುಗೆ ಸುಬೂನಾ? ಜನ ಏನಂತಾರೆ?"

"ಸುಬೂ ಆಗಿಲ್ಲ, ಸುಬೂ ಆಗಿಲ್ಲ ಅಂತ ಎರಡು ವರ್ಷದಿಂದ ಇಡೀ ಕೇರಿಗೆ ಹೇಳಿದೋರು ಯಾರು? ಆಗಿಲ್ಲ ಅಂದ್ರೆ ಮಾಡಬೇಕು. ಭವನದ ಹಾಲಲ್ಲಿ ಮಾಡೋಣ. ಮಂಗಳವಾರ, ಹತ್ತು ಗಂಟೆಗೆ."

ಹಾಗ್ಗಾಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಕೇರಿಯ ಅರ್ಧ ಜಗಳಗಳನ್ನು ಬಗೆಹರಿಸಿದ, ಉಳಿದರ್ಧವನ್ನು ಹಚ್ಚಿದ ಹೆಂಗಸು ಅವರು.

"ನನ್ನ ಕುಟ್ಟಾಣೀನ ನಿನ್ನ ಕ್ಲಾಸಿಗೆ ಬಳಸ್ಕೊಳ್ತಿದ್ದೀಯ."

"ಹೌದು."

"ಹೌದಂತೆ. ಮುಖ ನೋಡ್ಕೊಂಡೇ ಹೌದಂತಾಳೆ." ಹಾಗ್ಗಾ ಅಕ್ಕಿಯ ತಟ್ಟೆಯನ್ನು ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತು ಮೊಮ್ಮಗಳ ಕಡೆ ನೋಡಿದರು. ಜುಮಾನಾ ನೆಲದ ಮೇಲೆ ಕೂತು ಅಮ್ಮನ ಬೀಗದ ಕೈ ಅಲ್ಲಾಡಿಸುತ್ತಿದ್ದಳು. "ಕದ್ದುಮುಚ್ಚಿ ಮಾಡೋದಾದ್ರೆ ನಾನು ಬರಲ್ಲ. ಮಾಡಿದ್ರೆ ಪೂರ್ತಿ ಮಾಡಬೇಕು. ಬಾಣಂತಿಗೆ ಕುಡಿಸೋ ಮೊಗಾತ್ ಕಾಯಿಸಬೇಕು, ತುಪ್ಪದಲ್ಲಿ. ಮೇಣದ ಬತ್ತಿ, ಬೀಜ, ಮಿಠಾಯಿ, ಹೂಜಿಗೆ ಅಲಂಕಾರ, ಎಲ್ಲ ಆಗಬೇಕು. ಕುಟ್ಟಾಣಿ ನಾನು ಬಾರಿಸೋದು. ನಿನ್ನ ಅಬ್ಲಾ ನಂಗೆ ಹೇಳಿಕೊಡೋಕೆ ಬರಬಾರದು."

"ಬರಲ್ಲ."

"ಜರಡಿಗೆ ಏನ್ ಮಾಡ್ತೀಯ? ಮನೇದರಲ್ಲಿ ಇವಳ ಒಂದು ಕುಂಡೆನೂ ಹಿಡಿಸಲ್ಲ."

ಜರಡಿಯನ್ನು ಬೇಕರಿಯವರು ಕೊಟ್ಟರು, ಮೂಟೆ ಹಿಟ್ಟು ಜರಡಿ ಹಿಡಿಯುವ ದೊಡ್ಡದು. ಭವನದ ಹಾಲ್ ಅನ್ನು ಶಹಾತ ಕೇಳಿಕೊಂಡು ಬಂದ. ಆ ದಿನ ತಾಯಿ ಹೆಂಡತಿ ಒಂದೇ ದಡದಲ್ಲಿ ನಿಂತಿದ್ದರಿಂದ ಅವನಿಗೆ ಓಡಾಡುವ ಕಷ್ಟವೇ ಇರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಕ್ಲಾಸಿನ ತಾಯಂದಿರೆಲ್ಲ ಮಕ್ಕಳ ಸಮೇತ ಬಂದರು, ಹಬ್ಬದ ಬಟ್ಟೆಯಲ್ಲಿ. ಕೇರಿಯ ಹೆಂಗಸರೂ ಬಂದರು. ಹಲ್ಲು ಬಂದ ಮಗುವಿನ ಸುಬೂ ನೋಡುವ ಭಾಗ್ಯವನ್ನು ಯಾರು ಬಿಡುತ್ತಾರೆ? ಅಬ್ಲಾ ಸಮೀಹಾ ಮೂಲೆಯಲ್ಲಿ ಸಿಮ್ಸಿಮಿಯಾ ಶ್ರುತಿ ಮಾಡುತ್ತ ಕೂತಿದ್ದರು, ಅತಿಥಿಯ ಮುಖ ಹೊತ್ತು. ಜುಮಾನಾ ಜರಡಿಯೊಳಗೆ ಕೂತು ಮಿಠಾಯಿ ಚೀಪುತ್ತಿದ್ದಳು. ತಾಯಿ ಮಗುವನ್ನು ಏಳು ಸಲ ದಾಟಬೇಕು. ಮಲಗಿದ ಕೂಸಾದರೆ ಸುಲಭ, ಕೂತ ಹುಡುಗಿಯನ್ನು ದಾಟಲು ಇಂತಿಸಾರ್ ಲಂಗ ಎತ್ತಿಕೊಂಡು ಹಾರಬೇಕಾಯಿತು. ಮೂರನೆಯ ಸಲಕ್ಕೆ ಜುಮಾನಾಗೆ ಆಟ ಗೊತ್ತಾಯಿತು, ಅಮ್ಮ ಹಾರುವ ಮೊದಲೇ ತಲೆ ತಗ್ಗಿಸಿ ಕಾಯತೊಡಗಿದಳು. ಹೆಂಗಸರು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ಹಾಗ್ಗಾ ಕುಟ್ಟಾಣಿಯನ್ನು ಮಗುವಿನ ಕಿವಿಯ ಪಕ್ಕಕ್ಕೇ ತಂದರು.

"ಕಿವಿ ಹತ್ರ ಬೇಡ ಹಾಗ್ಗಾ."

"ದೂರದಿಂದ ಬಾರಿಸಿದ್ರೆ ಅದು ಸುಬೂ ಅಲ್ಲ, ಸ್ಕೂಲ್ ಗಂಟೆ."

"ಆಗಲಿ, ಸ್ಕೂಲ್ ಗಂಟೆನೇ ಆಗಲಿ. ಚಾಪೆ ಆಚೆಯಿಂದ."

ಎಲ್ಲರೆದುರಿಗೆ ಸೊಸೆ ಹೀಗೆ ಹೇಳಿದ್ದು ಅದೇ ಮೊದಲು. ಹಾಗ್ಗಾ ಗೊಣಗುತ್ತ ಚಾಪೆಯ ಆಚೆ ಕೂತು ಬಾರಿಸತೊಡಗಿದರು. ಏನೇ ಹೇಳಿ, ಆ ಕೈಗೆ ಸಾಟಿ ಇರಲಿಲ್ಲ. ಹಿತ್ತಾಳೆಯ ತಳಕ್ಕೊಂದು, ಅಂಚಿಗೆರಡು, ಮತ್ತೆ ತಳಕ್ಕೆ. ಅಬ್ಲಾ ಆ ಲಯವನ್ನು ಹಿಡಿದು ತಂತಿ ಮೀಟಿದರು. ಡಬ್ಬಿಗಳು, ಮುಚ್ಚಳಗಳು ತಾಯಂದಿರ ಚೀಲದಿಂದ ಹೊರಬಂದವು. ನಾಲ್ಕು ಸಾಲು ನುಡಿಸಿ ಅಬ್ಲಾ ಅಭ್ಯಾಸದಂತೆ ಕೊನೆಯ ಪೆಟ್ಟು ಬಿಟ್ಟರು. ಹಾಗ್ಗಾ ಬಿಡಲಿಲ್ಲ, ಆ ಜಾಗದಲ್ಲಿ ತಾವೇ ಢಣ್ ಎಂದು ಬಾರಿಸಿದರು. ಎರಡನೆಯ ಸಲವೂ ಬಾರಿಸಿದರು. ಮೂರನೆಯ ಸಲ ಅವರ ಕೈ ಮೇಲೆದ್ದದ್ದು ಹಾಗೇ ನಿಂತಿತು. ಜರಡಿಯೊಳಗಿನ ಮೊಮ್ಮಗಳೂ ಕೈ ಎತ್ತಿಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು.

ಅಜ್ಜಿ ಬಾರಿಸಲಿಲ್ಲ. ಜುಮಾನಾ ಜರಡಿಯ ಅಂಚಿಗೆ ಟಪ್ ಎಂದು ಬಡಿದಳು.

ಹಾಗ್ಗಾ ಎರಡು ಪೆಟ್ಟು ಹಾಕಿ ನಿಲ್ಲಿಸಿದರು. ಟಪ್. ಮೂರು ಪೆಟ್ಟು ಹಾಕಿ ನಿಲ್ಲಿಸಿದರು. ಜುಮಾನಾ ಅಜ್ಜಿಯನ್ನು ಸ್ವಲ್ಪ ಕಾಯಿಸಿ, ನಕ್ಕು, ಟಪ್ ಎನ್ನಿಸಿದಳು. ಮೊಮ್ಮಗಳು ತಮ್ಮ ಕಣ್ಣಿಗೆ ಕಣ್ಣು ಕೊಟ್ಟು ನಕ್ಕದ್ದನ್ನು ಹಾಗ್ಗಾ ಅದುವರೆಗೆ ಕಂಡಿರಲಿಲ್ಲ. ಕುಟ್ಟಾಣಿಯ ಪುಟ್ಟ ಒನಕೆಯನ್ನು ಹಿಡಿದ ಕೈ ಮಡಿಲಿಗಿಳಿಯಿತು.

"ಇದು ನನ್ನ ಜೊತೆ ಮಾತಾಡ್ತಿದೆ ಕಣೇ," ಎಂದರು ಇಂತಿಸಾರ್‌ಗೆ, ತೀರ ಸಣ್ಣ ದನಿಯಲ್ಲಿ. "ಇದನ್ನ ನೀನು ಯಾಕೆ ಹೇಳಲಿಲ್ಲ?"

"ವಾರವಾರ ಹೇಳ್ತಿದ್ದೆ ಹಾಗ್ಗಾ."

ಅಷ್ಟು ಹೊತ್ತಿಗೆ ಉಸ್ತಾಜ್ ಮಮ್ದೂಹ್ ಬಾಗಿಲಲ್ಲಿ ಕಾಣಿಸಿಕೊಂಡರು. ಚಾಪೆ, ಡಬ್ಬಿ, ಸಿಮ್ಸಿಮಿಯಾ, ಎಲ್ಲವನ್ನೂ ನೋಡಿದರು. ಏನಾಗುತ್ತಿದೆ ಎಂದು ತಿಳಿಯದಷ್ಟು ದಡ್ಡರೇನಲ್ಲ. ಆದರೆ ಸುಬೂ ನಡೆಯುವ ಹಾಲಿನಿಂದ ಬಾಣಂತಿ ಮಗುವನ್ನು ಎಬ್ಬಿಸಿ ಕಳಿಸುವ ಗಂಡಸು ಪೋರ್ಟ್ ಸಯೀದಿನಲ್ಲಿ ಇನ್ನೂ ಹುಟ್ಟಿಲ್ಲ. ಯಾರೋ ಅವರ ಕೈಗೆ ಬಿಸಿ ಮೊಗಾತಿನ ಲೋಟ ಕೊಟ್ಟರು, ಇನ್ನೊಬ್ಬರು ಮಿಠಾಯಿಯ ಚೀಲ. ಎರಡು ಕೈಯೂ ತುಂಬಿಹೋಯಿತು.

"ಮುಬಾರಕ್," ಎಂದರು ಉಸ್ತಾಜ್, ಬೇರೇನೂ ತೋಚದೆ. "ಕೂಸು ಎಲ್ಲಿ?"

"ನಿಮ್ಮ ಮುಂದೆನೇ ಇದೆಯಲ್ಲ," ಎಂದಳು ಇಂತಿಸಾರ್.

"ಇದಕ್ಕೆ ಹಲ್ಲಿದೆ."

"ಬೇಗ ಬೆಳೀತು."

ನಗು ಎದ್ದಿತು. ಉಸ್ತಾಜ್ ಕೂಡ ನಕ್ಕರು, ಆದರೆ ಬಿಟ್ಟುಕೊಡಲಿಲ್ಲ. ಜರಡಿಯ ಮುಂದೆ ಬಗ್ಗಿ, "ಹಾಗಾದ್ರೆ ಈಗ ಕಿವಿ ತೆರೀತೇನಮ್ಮ? ಎಲ್ಲಿ, ಅಪ್ಪನ್ನ ಬಾಬಾ ಅನ್ನು ನೋಡೋಣ. ಬಾಬಾ," ಎಂದರು.

ಹೆಂಗಸರು ಡಬ್ಬಿಗಳನ್ನು ಕೆಳಗಿಟ್ಟು ಜರಡಿಯ ಕಡೆ ಕತ್ತು ಚಾಚಿದರು. ಇಂತಿಸಾರ್‌ಗೆ ಅಂದಿನ ಕುರ್ಚಿಗಳ ಸಾಲು ನೆನಪಾಯಿತು. ಹೇಳಿಬಿಡಲಿ, ಒಂದೇ ಒಂದು ಸಲ ಹೇಳಿಬಿಡಲಿ ಎಂದು ಅವಳಿಗೂ ಅನಿಸಿತು, ಅನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಜುಮಾನಾ ಉಸ್ತಾಜರನ್ನು ಒಂದು ಗಳಿಗೆ ನೋಡಿ, ಮೆಲ್ಲಗೆ ಮುಖ ತಿರುಗಿಸಿಕೊಂಡಳು.

ಉಸ್ತಾಜ್ ನೆಟ್ಟಗಾಗಿ ಬಾಯಿ ತೆರೆಯುವಷ್ಟರಲ್ಲಿ ಕುಟ್ಟಾಣಿ ಢಣ್ ಎಂದಿತು. ಅವರ ಲೋಟದಿಂದ ಮೊಗಾತ್ ತುಳುಕಿತು. ಹಾಗ್ಗಾ ಎದ್ದು ಬಂದು ಅವರಿಗೂ ಜರಡಿಗೂ ನಡುವೆ ಕೂತರು.

"ಅದು ಹೇಳಲ್ಲಪ್ಪ. ಅದಕ್ಕೆ ಬೇಕಾದಾಗ ಹೇಳತ್ತೆ, ಬೇಡದಿದ್ರೆ ಬಿಡತ್ತೆ. ನೀವು ಕೇಳಿದ ತಕ್ಷಣ ಹೇಳೋಕೆ ಅದು ಗಿಳಿ ಅಲ್ಲ." ಆಮೇಲೆ ಮೊಮ್ಮಗಳ ಕಡೆ ತಿರುಗಿ, ಸುಬೂದಲ್ಲಿ ಅಜ್ಜಿಯರು ಕೂಸಿಗೆ ಹೇಳಬೇಕಾದ ಬುದ್ಧಿಮಾತನ್ನು ಕುಟ್ಟಾಣಿಯ ಪೆಟ್ಟಿಗೊಂದರಂತೆ ಹೇಳಿದರು. "ಅಮ್ಮನ ಮಾತು ಕೇಳು. ಅಪ್ಪನ ಮಾತು ಕೇಳಬೇಡ. ಅಜ್ಜಿ ಮಾತು," ಎಂದು ನಿಲ್ಲಿಸಿ, ಸೊಸೆಯ ಕಡೆ ಓರೆಗಣ್ಣಿನಿಂದ ನೋಡಿ, "ನಿನಗೆ ಸರಿ ಕಂಡಾಗ ಮಾತ್ರ ಕೇಳು. ಈ ಉಸ್ತಾಜನ ಮಾತಂತೂ ಕೇಳಲೇ ಬೇಡ."

"ಆಯ್ತು ಹಾಗ್ಗಾ, ಆಯ್ತು," ಎಂದರು ಉಸ್ತಾಜ್, ಅಂಗಿಯ ಮೇಲೆ ಚೆಲ್ಲಿದ್ದನ್ನು ಒರೆಸಿಕೊಳ್ಳುತ್ತ. "ಇವತ್ತು ನಿಮ್ಮದು. ಸುಬೂ ಒಂದು ಮಗುವಿಗೆ ಒಂದೇ ಸಲ, ಅಷ್ಟು ನಂಗೂ ಗೊತ್ತು. ಮುಂದಿನ ಮಂಗಳವಾರ ಈ ಡಬ್ಬಿಗಳೆಲ್ಲ ಇಲ್ಲಿ ಕಾಣಿಸಬಾರದು. ಅವತ್ತು ಯಾರ ಸುಬೂ ಅಂತ ಹೇಳ್ತೀರಿ?"

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮಕ್ಕಳಿಗೆಲ್ಲ ಸುಬೂ ಆಗಿತ್ತು, ಅರ್ಧ ಊರು ಬಂದು ಉಂಡು ಹೋಗಿತ್ತು. ಇಂತಿಸಾರ್ ಇಷ್ಟು ದೂರ ಯೋಚಿಸಿರಲಿಲ್ಲ. 

"ನಂದು," ಎಂದರು ಹಾಗ್ಗಾ ತಫೀದಾ.

ಯಾರೂ ನಗಲಿಲ್ಲ. ಹಾಗ್ಗಾ ತಮಾಷೆಗೆ ಹೇಳಿದಂತೆ ಕಾಣಲಿಲ್ಲ.

"ನಾನು ಹುಟ್ಟಿದ್ದು ಐವತ್ತಾರರ ಯುದ್ಧದಲ್ಲಿ," ಎಂದರು. "ನನ್ನ ಏಳನೇ ದಿನ ಇದೇ ಬೀದೀಲಿ ಮನೆಗಳು ಉರೀತಿದ್ವು, ವಿಮಾನ ಸುತ್ತುತ್ತಿದ್ವು. ನಮ್ಮಮ್ಮ ಕುಟ್ಟಾಣಿಗೆ ಬಟ್ಟೆ ಸುತ್ತಿ ಮಂಚದ ಕೆಳಗಿಟ್ಟಿದ್ಲಂತೆ, ತಗಲಿ ಸದ್ದಾದೀತು ಅಂತ. ನನ್ನ ಬಾಯಿಗೂ ಕೈ ಅಡ್ಡ ಹಿಡಿದಿದ್ಲಂತೆ. ಆಮೇಲೆ ಯಾರಿಗೂ ನೆನಪಾಗಲಿಲ್ಲ. ಊರಿನ ಮಕ್ಕಳಿಗೆಲ್ಲ ನಾನೇ ಬಾರಿಸ್ತಾ ಬಂದೆ, ನನಗೆ ಯಾರೂ ಬಾರಿಸಲಿಲ್ಲ."

ಇಂತಿಸಾರ್ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಒಂದೇ ಸೂರಿನಡಿ ಇಷ್ಟು ವರ್ಷ ಜಗಳವಾಡಿದರೂ ಈ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಶಹಾತನೂ ಕೇಳಿರಲಿಲ್ಲ ಎಂದು ಅವನ ಬಾಗಿದ ತಲೆ ಹೇಳುತ್ತಿತ್ತು.

"ಜರಡಿ ಇನ್ನೂ ದೊಡ್ಡದು ಬೇಕಾಗತ್ತೆ, ಅದು ನನ್ನ ಸೊಸೆ ಚಿಂತೆ," ಎಂದರು ಹಾಗ್ಗಾ. "ಸಿಮ್ಸಿಮಿಯಾ ಅಬ್ಲಾ ನುಡಿಸ್ತಾರೆ. ಡಬ್ಬಿ ಮಕ್ಕಳು ಬಾರಿಸ್ತಾರೆ. ನಮ್ಮ ಕೇರೀಲಿ ಅವತ್ತು ಹುಟ್ಟಿದೋರು ನಾನೊಬ್ಬಳೇ ಅಲ್ಲ, ಅರವತ್ತೇಳರ ಯುದ್ಧಕ್ಕೆ ಊರು ಬಿಟ್ಟು ಓಡೋವಾಗ ದಾರೀಲಿ ಹುಟ್ಟಿದೋರೂ ಇದ್ದಾರೆ. ನನ್ನದಾದ ಮೇಲೆ ಅವರದು. ವರ್ಷವಿಡೀ ಮಂಗಳವಾರ ಇದೆ. ಬಂದು ನಿಲ್ಲಿಸೋದಾದ್ರೆ ನಿಲ್ಲಿಸಿ ಉಸ್ತಾಜ್. ಅವತ್ತು ವಿಮಾನಗಳಿದ್ವು. ಇವತ್ತು ನೀವೊಬ್ಬರೇ."

ಹೀಗೆಂದು ಅವರು ಉತ್ತರಕ್ಕೆ ಕಾಯಲಿಲ್ಲ. ಒನಕೆಯನ್ನು ಮೊಮ್ಮಗಳ ಎರಡು ಕೈಗೂ ಸೇರಿಸಿ ಕೊಟ್ಟು, ಕುಟ್ಟಾಣಿಯನ್ನು ಅವಳ ಮುಂದಕ್ಕೆ ಸರಿಸಿದರು.